ಕೋಟೆ ಬಾಗಿಲು ತೆಗೆದವನು

ನರಗುಂದದಲ್ಲಿ ನಾನು ಟಿವಿ, ಸಿಡಿ ಪ್ಲೇಯರ್ ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದೆ. ಹದಿನೆಂಟುನೂರಾ ಐವತ್ತೇಳರ ಬಂಡಾಯಕ್ಕೆ ನೂರೈವತ್ತು ವರ್ಷ ತುಂಬಿದ ಆಗಸ್ಟ್‌ನಲ್ಲಿ ಶಾಲೆಯ ಮಾಸ್ತರರು ಬಂದು, ಮಕ್ಕಳಿಗೆ ಆ ಯುದ್ಧದ ಕಾರ್ಟೂನ್ ತೋರಿಸಿ ಅಂದರು. ಸಿಕ್ಕಿದ್ದು ಹಿಂದಿ ಸಿಡಿ. ಮಕ್ಕಳಿಗೆ ಹಿಂದಿ ತಿಳಿಯದು. ಮ್ಯಾಟ್ರಿಕ್‌ವರೆಗೆ ಕಲಿತ ಹಿಂದಿಯನ್ನೇ ನೆಚ್ಚಿಕೊಂಡು, ಶಾಲೆಯ ಕೋಣೆಯಲ್ಲಿ ಟಿವಿಯ ಧ್ವನಿ ತಗ್ಗಿಸಿ, ಪಕ್ಕ ನಿಂತು ನಾನೇ ಕನ್ನಡದಲ್ಲಿ ಕಥೆ ಹೇಳಿದೆ.

ಹೇಳುತ್ತ ಉಮೇದಿ ಏರಿತು. ತೆರೆಯ ಮೇಲಿದ್ದದ್ದು ಎಲ್ಲೋ ಉತ್ತರದ ಕೋಟೆ. ನಾನು ಅದನ್ನು ನಮ್ಮ ಗುಡ್ಡದ ಕೋಟೆ ಮಾಡಿಬಿಟ್ಟೆ. ಮಕ್ಕಳು ಕಿಟಕಿಯಿಂದ ಗುಡ್ಡ ನೋಡಿ ಚಪ್ಪಾಳೆ ತಟ್ಟಿದರು. ಕೊನೆಗೆ ಮುಂಡಾಸಿನವನೊಬ್ಬ ಒಳಗಿನಿಂದ ಬಾಗಿಲು ತೆಗೆದು ಇಂಗ್ಲಿಷರನ್ನು ಬಿಟ್ಟುಕೊಂಡ.

"ಅಂವ ಯಾರ್ರೀ ಮುತ್ಯಾ?" ಹುಡುಗನೊಬ್ಬ ಅಜ್ಜನಾದ ನನ್ನನ್ನು ಕೇಳಿದ.

ಸಿಡಿಯಲ್ಲಿ ಅವನಿಗೆ ಹೆಸರೇ ಇರಲಿಲ್ಲ. ನಗಿಸೋಣವೆಂದು ಬಾಯಿಗೆ ಬಂದದ್ದು ಹೇಳಿದೆ: "ಮತ್ಯಾರು? ನಮ್ಮ ಕೀಲಿ ಅಂಗಡಿಯವರ ಹಿರ್ಯಾ. ಅಷ್ಟ ದೊಡ್ಡ ಕೀಲಿ ತಗ್ಯಾಕ ಬ್ಯಾರೆ ಯಾರಿಗೆ ಬರತೈತಿ?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಕೀಲಿ, ಬೀಗ ರಿಪೇರಿ ಮಾಡುವ ಆ ಮನೆಯ ಮೊಮ್ಮಗಳು ಅಲ್ಲೇ ಕೂತಿದ್ದಳು. ಮೊದಲು ಅವಳೂ ನಕ್ಕಳು.

ಕೆಲವು ದಿನಗಳ ಮೇಲೆ ಚಹಾದಂಗಡಿಯಲ್ಲಿ ಕಾಳಿನ ವ್ಯಾಪಾರಿಯೊಬ್ಬ ನನಗೇ ಸುದ್ದಿ ಹೇಳಿದ. "ಗೊತ್ತೈತೇನ್ರಿ? ಕೋಟಿ ಬಾಗಲಾ ತಗದು ನಮ್ಮ ದೊರೀನ ಮುಳಗಿಸಿದವರು ಕೀಲಿ ಅಂಗಡಿಯವರಂತ. ಖರೇನ ಅದು. ಟಿವ್ಯಾಗ ತೋರಿಸ್ಯಾರ."

ಚಹಾ ಅಲ್ಲೇ ಬಿಟ್ಟು ಎದ್ದೆ. ನನ್ನ ಚೇಷ್ಟೆ ಇತಿಹಾಸವಾಗಿ ನನ್ನ ಮುಂದೆಯೇ ಬಂದು ಕೂತಿತ್ತು.

ಕೀಲಿ ಅಂಗಡಿಗೆ ಓಡಿದೆ. ಅಂಗಡಿಯ ಯಜಮಾನರು, ಆ ಹುಡುಗಿಯ ಅಜ್ಜ, ನನ್ನ ಹಳೆಯ ಗೆಳೆಯರು. ತಲೆ ಎತ್ತದೆ ಅರದಿಂದ ಕೀಲಿಕೈ ತಿಕ್ಕುತ್ತಲೇ ಅಂದರು: "ಹುಡುಗಿ ಸಾಲಿಗೆ ಒಲ್ಲೆ ಅಂತೈತ್ರಿ. 'ಬಾಗಲಾ ತಗೀ, ಬಾಗಲಾ ತಗೀ' ಅಂತ ಹುಡುಗರು ಬೆನ್ನ ಹತ್ತತಾವ. ನಮ್ಮಪ್ಪ ಸೂಡಿಯಿಂದ ಈ ಊರಿಗೆ ಬಂದಾಂವ. ಕೋಟಿ ಬಿದ್ದಾಗ ನಮ್ಮವರು ಯಾರೂ ಇಲ್ಲಿ ಇದ್ದಿದ್ದ ಇಲ್ಲ."

"ನಾಳೆ ಕಳಸ್ರಿ. ಎಲ್ಲಾರ ಮುಂದ ನಾನ ಹೇಳತೀನಿ."

ಮರುದಿನ ಶಾಲೆಯಲ್ಲಿ ಅದೇ ಸಿಡಿ ಹಾಕಿ, ಬಾಗಿಲು ತೆಗೆಯುವಲ್ಲಿ ಚಿತ್ರ ನಿಲ್ಲಿಸಿದೆ. ಅಜ್ಜನ ಬೆರಳು ಹಿಡಿದು ಹುಡುಗಿ ಹೊಸ್ತಿಲಲ್ಲಿ ನಿಂತಿದ್ದಳು. "ಕೀಲಿ ಅಂಗಡಿಯವರ ಮಾತು ನಾ ಕಟ್ಟಿ ಹೇಳಿದ್ದು. ಸುಳ್ಳು. ನನ್ನದು ತಪ್ಪಾತು," ಅಂದೆ.

ಮುಂದೆ ಕೂತವನೊಬ್ಬ ಕೇಳಿದ: "ಹಂಗಾರ ಯಾರ್ರೀ ತಗದವರು?"

"ಗೊತ್ತಿಲ್ಲಪಾ."

"ಆವತ್ತ ಗೊತ್ತಿತ್ತಲ್ರಿ?"

ಪಕ್ಕದವನು ಅವನ ಕಿವಿಯಲ್ಲಿ, ಎಲ್ಲರಿಗೂ ಕೇಳುವಂತೆ ಅಂದ: "ಅವರು ಇವರ ದೋಸ್ತರು ಅದಾರಲೇ. ಅದಕ್ಕ ಮುಚ್ಚಾಕತ್ತಾರ."

ಹುಡುಗಿ ಅಜ್ಜನ ಬೆರಳು ಜಗ್ಗಿದಳು. ಇಬ್ಬರೂ ತಿರುಗಿ ಹೋದರು. ಆಮೇಲೆ ಅವಳನ್ನು ತಾಯಿಯ ತವರು ರಾಜೂರಿನ ಶಾಲೆಗೆ ಹಾಕಿದರು.

ಮುಂದಿನ ಆಗಸ್ಟ್‌ಗೆ ಹೊಸ ಮಕ್ಕಳು ನನ್ನ ಅಂಗಡಿ ಮುಂದೆ ಬಂದು ನಿಂತರು.

"ಮುತ್ಯಾ, ಕೀಲಿ ಅಂಗಡಿಯವರ ಕಾರ್ಟೂನ್ ಹಾಕ್ರಿ."