ಫೋಟೋದಲ್ಲಿ ಇಲ್ಲದ ಪಾವಟಿಗೆ

ಸಣ್ಣ ಗೇಜಿನ ಇಂಜಿನ್ನಿನ ಮಾಡೆಲ್ ಮಾಡುವವನು ಮೊದಲು ಆರಿಸಬೇಕಾದದ್ದು ಇಂಜಿನ್ನನ್ನಲ್ಲ, ಅದರ ಹೊಟ್ಟೆಯೊಳಗಿನ ಯಂತ್ರವನ್ನು. ಮೋಟಾರು, ಗೇರು, ಆರು ಚಕ್ರ, ಇಷ್ಟನ್ನು ತಯಾರಾದದ್ದೇ ಕೊಳ್ಳಬೇಕು, ಮೇಲಿನದೆಲ್ಲ ಕೈಗೆಲಸ. ನಮ್ಮಪ್ಪ ಓಡಿಸುತ್ತಿದ್ದಂಥ, ಎರಡೂವರೆ ಅಡಿ ಹಳಿಯ ಉಗಿ ಇಂಜಿನ್ನು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅದಕ್ಕೊಂದು ಉಪಾಯವಿದೆ. ದೊಡ್ಡ ಗೇಜಿನ ಇಂಜಿನ್ನಿನ ಪುಟ್ಟ ಮಾಡೆಲ್ ತಂದು, ಮೈ ಕಿತ್ತು ಬದಿಗಿಟ್ಟು, ಅದೇ ಚಕ್ರಗಳ ಮೇಲೆ ಸುಮಾರು ಎರಡು ಪಟ್ಟು ದೊಡ್ಡ ಅಳತೆಯ ಮೈ ಕೂರಿಸಿದರೆ ಕೆಳಗಿನ ಹಳಿ ಕಿರಿದಾಗಿ ಕಾಣುತ್ತದೆ. ಹಳಿ ಬದಲಾಗಿರುವುದಿಲ್ಲ, ಕಣ್ಣು ಮೋಸಹೋಗಿರುತ್ತದೆ ಅಷ್ಟೆ.

ನಾನು ಚಿಂಚವಾಡದ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಮೂವತ್ತು ವರ್ಷ ಅರ ಉಜ್ಜಿದವನು. ‘ಅಂದಾಜು’ ಎಂಬ ಮಾತು ಕೇಳಿದರೆ ಈಗಲೂ ಮೈ ಉರಿಯುತ್ತದೆ. ಡ್ರಾಯಿಂಗಿನಲ್ಲಿ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಹೆಂಡತಿ ಇದನ್ನು ಮೊಂಡುತನ ಎನ್ನುತ್ತಾಳೆ. ಅವಳ ಮಾತನ್ನು ಆಗ ಕೇಳಿದ್ದರೆ ಇವತ್ತು ಇದನ್ನು ಬರೆಯುವ ಗೋಜೇ ಇರುತ್ತಿರಲಿಲ್ಲ.

ಅಪ್ಪನಿಗೆ ಲಕ್ವಾ ಹೊಡೆದದ್ದು ನಾನು ನಿವೃತ್ತನಾದ ವರ್ಷ. ಬಲಗಡೆಯ ಮೈ ಪೂರಾ ಬಿದ್ದುಹೋಯಿತು. ಕಣ್ಣು ಅದಕ್ಕೂ ಮೊದಲೇ ಹೋಗಿದ್ದವು. ಮಾತು ದಿನಕ್ಕೆ ಒಂದೋ ಎರಡೋ: ನೀರು, ಸಾಕು. ಎಡಗೈ ಮಾತ್ರ ಸುಮ್ಮನಿರುತ್ತಿರಲಿಲ್ಲ. ಇಡೀ ದಿನ ಹಾಸಿಗೆಯ ಅಂಚಿನಲ್ಲಿ ಏನನ್ನೋ ತಡಕಾಡುತ್ತಿತ್ತು. ಅದನ್ನು ನೋಡಲಾಗದೆ ನನಗೆ ಹೊಳೆದದ್ದು ಇದು: ಅವನು ಓಡಿಸಿದ ಇಂಜಿನ್ನನ್ನೇ ಮಾಡಿ ಆ ಕೈಗೆ ಕೊಡಬೇಕು. ‘ಇದು ನನ್ನದು’ ಎಂದು ಅವನು ಗುರುತು ಹಿಡಿಯಬೇಕು. ಹೋಗುವುದರೊಳಗೆ ಅಷ್ಟಾದರೆ ಸಾಕೆನಿಸಿತು.

ಎರಡು ಯಂತ್ರ ತರಿಸಿದೆ. ಒಂದು ಹೊಚ್ಚ ಹೊಸದು. ಇನ್ನೊಂದು ಯಾರೋ ಬಳಸಿ ಮಾರಿದ ಹಳೆಯದು. ಹಲಗೆಗೆ ಮೊಳದುದ್ದ ಹಳಿ ಕೂರಿಸಿ ಅಪ್ಪನ ತೊಡೆಯ ಮೇಲಿಟ್ಟು, ಎಡಗೈಯನ್ನು ಹಲಗೆಗೆ ಒತ್ತಿ ಹಿಡಿದೆ. ಹೊಸದು ಕರೆಂಟು ಕೊಟ್ಟ ಕೂಡಲೇ ಸರ್‍ರನೆ ಓಡಿತು. ಅಪ್ಪ ಕೈ ಕಿತ್ತುಕೊಂಡ. ಹಳೆಯದು ನಡುಗಿ, ಒಂದೊಂದೇ ಹಲ್ಲು ಕಚ್ಚಿ, ಇಳಿವಯಸ್ಸಿನವರಂತೆ ಹೊರಟಿತು. ಅದು ಆ ತುದಿ ಮುಟ್ಟುವವರೆಗೂ ಅಪ್ಪ ಅಂಗೈ ಎತ್ತಲಿಲ್ಲ.

“ಇದ,” ಅಂದ. ಮೂರು ತಿಂಗಳಲ್ಲಿ ಅವನಾಡಿದ ಹೊಸ ಮಾತು ಅದೊಂದೇ. ನಾನು ಅಡಿಗೆಮನೆಗೆ ಹೋಗಿ ಹೆಂಡತಿಯ ಮುಂದೆ ಅತ್ತುಬಿಟ್ಟೆ.

ಮೈಗೆ ರವಿವಾರ ಪೇಠದಿಂದ ಹಿತ್ತಾಳೆ ತಗಡು ತಂದೆ. ಆದರೆ ಯಾವುದನ್ನು ನೋಡಿ ಮಾಡುವುದು? ಕಂಪನಿಯ ಡ್ರಾಯಿಂಗು ಹೊಸ ಇಂಜಿನ್ನಿನದು. ಓಡಾಡಿದ ಇಂಜಿನ್ನಿಗೆ ಶೆಡ್ಡಿನವರು ಅದು ಕೊಯ್ದು ಇದು ಹಚ್ಚಿ ಹತ್ತು ವರ್ಷದಲ್ಲಿ ಗುರುತು ಸಿಗದಂತೆ ಮಾಡಿರುತ್ತಾರೆ. ನನ್ನ ಪುಣ್ಯಕ್ಕೆ ಅಪ್ಪನ ಟ್ರಂಕಿನಲ್ಲಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಫೋಟೋ ಇತ್ತು. ಅವನ ಇಂಜಿನ್ನೇ, ನಂಬರೂ ಅದೇ. ಹತ್ತಿರದಿಂದ, ಎಡಬದಿಯಿಂದ ತೆಗೆದದ್ದು. ಒಬ್ಬ ಮನುಷ್ಯನೂ ಅಡ್ಡ ನಿಂತಿಲ್ಲ, ಕ್ಯಾಬಿನ ಕೆಳಗಿನ ಒಂದೊಂದು ರಿವೆಟ್ಟೂ ಕಾಣುತ್ತದೆ. ಮಾಡೆಲ್ ಮಾಡುವವನಿಗೆ ಇಂಥ ಫೋಟೋ ಸಿಗುವುದೇ ಅಪರೂಪ. ಡ್ರೈವರುಗಳು ಎದೆಯುಬ್ಬಿಸಿ ಇಂಜಿನ್ನಿನ ಮುಂದೆ ನಿಂತು ತೆಗೆಸಿಕೊಳ್ಳುತ್ತಿದ್ದ ಕಾಲ ಅದು. ಅಪ್ಪ ಯಾಕೆ ಹೀಗೊಂದು ತೆಗೆಸಿದ ಎಂದು ನನಗೆ ಆಗ ಒಂದು ಸಲವೂ ಅನಿಸಲಿಲ್ಲ.

ಆ ಫೋಟೋದಲ್ಲಿ ಎಡಬದಿಯಲ್ಲಿ ಇಂಜಿನ್ ಹತ್ತುವ ಪಾವಟಿಗೆ ಇರಲಿಲ್ಲ. ಡ್ರಾಯಿಂಗಿನಲ್ಲಿ ಎರಡೂ ಬದಿಗೆ ಇತ್ತು. ಶೆಡ್ಡಿನವರು ಯಾವುದೋ ಕಾರಣಕ್ಕೆ ಕಿತ್ತಿರಬೇಕೆಂದು ನಾನೂ ಹಚ್ಚಲಿಲ್ಲ. ಇಂಥ ಸಣ್ಣ ವಿಷಯ ಬಿಡದೆ ಹಿಡಿದೆನೆಂದು ಒಳಗೊಳಗೇ ಬೀಗಿದೆ ಕೂಡ.

ಐದು ತಿಂಗಳಾಯಿತು ಮುಗಿಸಲಿಕ್ಕೆ. ಸಂಜೆಯ ಚಹಾ ಆದಮೇಲೆ ಅಪ್ಪನ ಕೈಗೆ ಕೊಟ್ಟೆ. ಅವನ ಹೆಬ್ಬೆರಳು ಚಿಮಣಿಯ ಮೇಲೆ ಹೋಯಿತು, ಬಾಯ್ಲರಿನ ಮೇಲೆ ಇಳಿಯಿತು, ಕ್ಯಾಬಿನ ಕಿಟಕಿಯ ಅಂಚನ್ನು ಸವರಿತು. ಮುಖ ಬಿಚ್ಚಿತು, ನಾನು ಕಣ್ಣಾರೆ ಕಂಡೆ. ಆಮೇಲೆ ಎಡಬದಿಗೆ, ಕ್ಯಾಬಿನ ಕೆಳಗೆ ಹೋಗಿ ನಿಂತಿತು. ಅಲ್ಲೇ ಉಜ್ಜಿತು, ಮತ್ತೆ ಮತ್ತೆ ಉಜ್ಜಿತು.

“ಪಾವಟಿಗಿ,” ಅಂದ.

“ಈ ಕಡೆ ಇರಲಿಲ್ಲಪ್ಪ. ಫೋಟೋದಾಗ ಇಲ್ಲ.”

“ಪಾವಟಿಗಿ.”

ಮರುದಿನ ಅದೇ, ಅದರ ಮರುದಿನವೂ ಅದೇ. ನೀರು, ಸಾಕು ಎಂಬ ಮಾತುಗಳೂ ನಿಂತವು. ಅನ್ನದ ತುತ್ತು ಬಾಯಿಗೆ ಹಿಡಿದರೆ ಪಾವಟಿಗಿ. ಡೈಪರ್ ಬದಲಿಸುವಾಗ ಪಾವಟಿಗಿ. ಹೆಂಡತಿ ತಟ್ಟೆ ಕೆಳಗಿಟ್ಟಳು.

“ಮಾವಾರು ಅಷ್ಟ್ ಕೇಳಾಕತ್ತಾರ, ಒಂದ್ ತಗಡಿನ ಚೂರು ಹಚ್ಚಿಬಿಡ್ರಿ. ನಿಮ್ಮ ಗಂಟೇನ್ ಹೋಗ್ತದ?”

“ಸುಳ್ಳು ಇಂಜಿನ್ ಮಾಡಾಂಗಿಲ್ಲ ನಾ,” ಅಂದೆ. ಅಷ್ಟಕ್ಕೇ ಬಿಡಲಿಲ್ಲ. ಅಪ್ಪನ ಕಿವಿಯ ಹತ್ತಿರ ಬಗ್ಗಿ, ಕಿವುಡರಿಗೆ ಹೇಳುವ ಹಾಗೆ ಜೋರಾಗಿ, “ನೀ ಮರತಿ, ಅಪ್ಪ. ನಿನಗ ನೆನಪಿಲ್ಲ,” ಅಂದೆ. ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ.

ಅಪ್ಪನ ಜೊತೆ ಫಾಯರ್‌ಮನ್ ಆಗಿದ್ದವರೊಬ್ಬರು ದೌಂಡದಲ್ಲಿದ್ದರು. ಸಣ್ಣ ಲೈನು ಮುಚ್ಚಿದ ಮೇಲೆ ಇಬ್ಬರಿಗೂ ಅಲ್ಲಿಗೇ ಬದಲಿಯಾಗಿ, ಎರಡೂ ಮನೆಯ ಮಕ್ಕಳು ಒಂದೇ ರೈಲ್ವೆ ಕಾಲನಿಯಲ್ಲಿ ಬೆಳೆದವರು. ಇಂಜಿನ್ನನ್ನು ಶೂ ಡಬ್ಬದಲ್ಲಿ ಹತ್ತಿ ಒತ್ತಿ ಇಟ್ಟುಕೊಂಡು, ಫೋಟೋ ಜೇಬಿಗೆ ಹಾಕಿಕೊಂಡು ಬೆಳಗಿನ ಗಾಡಿ ಹತ್ತಿದೆ. ಯಾಕೆ ಹೋದೆ ಅಂದರೆ ಹೇಳಲು ನಾಚಿಕೆಯಾಗುತ್ತದೆ. ಮಲಗಿದಲ್ಲೇ ಇರುವ ಅಪ್ಪನ ವಿರುದ್ಧ ಒಂದು ಸಾಕ್ಷಿ ತರಲು ಹೋದೆ.

ಅವರು ಇಂಜಿನ್ನನ್ನು ಮೆಚ್ಚಿ ತಿರುಗಿಸಿ ತಿರುಗಿಸಿ ನೋಡಿದರು. ಫೋಟೋ ಕೊಟ್ಟಾಗ ಕನ್ನಡಕ ತೆಗೆದು ಬದಿಗಿಟ್ಟರು.

“ಇದು ನಿನ್ನ ಕೈಯಾಗ ಹೆಂಗ ಬಂತು, ತಮ್ಮಾ?”

“ಅಪ್ಪನ ಟ್ರಂಕಿನಾಗಿತ್ರಿ, ಕಾಕಾ. ಈ ಕಡೆ ಪಾವಟಿಗಿ ಇತ್ತು ಅಂತಾನ. ಇರಲಿಲ್ಲ ಹೌದಲ್ರಿ?”

“ಇದು ಚೌಕಶಿ ಫೋಟೋ. ವಿಚಾರಣಿಗಂತ ಸಾಹೇಬ್ರು ತಗಸಿದ್ದು. ಪಾವಟಿಗಿ ಇಲ್ಲ ಅನ್ನೂದ ತೋರಸಾಕ ತಗಸಿದ್ದು.”

ನಡುನಡುವೆ ನೀರು ಕುಡಿಯುತ್ತ ಹೇಳಿದರು. ತುಕ್ಕು ಹಿಡಿದ ಪಾವಟಿಗೆ ಮುರಿದು ದಾರಿಯಲ್ಲೆಲ್ಲೋ ಬಿದ್ದಿತ್ತು. ಶೆಡ್ಡಿನ ರಿಪೇರಿ ಬುಕ್ಕಿನಲ್ಲಿ ಡ್ರೈವರ್ ಅದನ್ನು ಬರೆಯಬೇಕು. ಬರೆದರೆ ಇಂಜಿನ್ ನಿಲ್ಲುತ್ತದೆ, ಬೇರೆ ಇಂಜಿನ್ ಬರುವವರೆಗೂ ಇವರು ಅಲ್ಲೇ ಕೊಳೆಯಬೇಕು, ರಜೆ ಹೋಗುತ್ತದೆ.

“ನೀ ಹುಟ್ಟಿದ್ದಿ. ನಿನ್ನ ತೊಟ್ಟಲಕ್ಕ ಹಾಕೂದಿತ್ತು. ರಜಾ ಮುಗಿಸಿ ಬಂದು ಬರೀತೀನಿ ಅಂದ ನಿಮ್ಮಪ್ಪ. ನಾನೂ ಹೂಂ ಅಂದೆ.”

ಪಾವಟಿಗೆ ಬಿದ್ದು ಮೂರು ದಿನಕ್ಕೆ, ರಜೆ ಶುರುವಾಗುವ ಮೊದಲೇ, ಸಂಜೆಯ ಮಳೆಯಲ್ಲಿ, ಗಾಡಿ ಸಿಗ್ನಲ್ಲಿಗೆ ನಿಂತಾಗ ಕಲ್ಲಿದ್ದಲು ಒಡೆಯುವ ಖಲಾಸಿ ನೀರು ತರಲು ಇಳಿದಿದ್ದ. ಯಾದಗಿರಿ ಕಡೆಯವನು, ಹೊಸದಾಗಿ ಮದುವೆಯಾಗಿದ್ದವನು. ಸಿಗ್ನಲ್ ಬಿತ್ತು, ಅಪ್ಪ ಗಾಡಿ ಬಿಟ್ಟ. ಅವನು ಓಡಿಬಂದು ಕ್ಯಾಬಿನ ಹಿಡಿಕಂಬಿ ಹಿಡಿದು ದಿನದಂತೆ ಕಾಲು ಎತ್ತಿ ಇಟ್ಟ.

“ಪಾವಟಿಗಿ ಬಿದ್ದದ ಅಂತ ಅವಗ ಹೇಳಿದ್ವಿ, ತಮ್ಮಾ. ಅವಗ ಗೊತ್ತಿತ್ತು. ಅವನ ಕಾಲಿಗೆ ಗೊತ್ತಿರಲಿಲ್ಲ.”

ನೀರಿನ ಲೋಟ ಕೆಳಗಿಟ್ಟು ಮುಂದುವರಿಸಿದರು.

“ಅವ ಗಾಲಿಗೆ ಸಿಕ್ಕು ಹ್ವಾದ. ಚೌಕಶ್ಯಾಗ ಇಬ್ರೂ ಒಂದ ಮಾತು ಹೇಳಿದ್ವಿ. ಅವತ್ತ ಬಿದ್ದದ, ನಮಗ ಗೊತ್ತಿಲ್ಲ ಅಂತ. ಓಡೂ ಗಾಡಿ ಹತ್ತಿದ್ದು ಅವಂದ ತಪ್ಪು ಅಂತ ಬರದ್ರು. ನಮ್ಮ ನೌಕರಿ ಉಳೀತು. ಆಮ್ಯಾಲ ನಿಮ್ಮಪ್ಪ ಸಾಹೇಬ್ರ ಕೈಕಾಲು ಹಿಡದು ಈ ಫೋಟೋ ಇಸಗೊಂಡ. ಯಾಕಂತ ನಾ ಕೇಳಲಿಲ್ಲ.”

ಊಟ ಮಾಡಿ ಹೋಗು ಎಂದರು. ಆಗಲಿಲ್ಲ. ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ವಾಪಸು ಗಾಡಿಯಲ್ಲಿ ಕೂತಿದ್ದಾಗ ನನಗೆ ಅಪ್ಪನ ಮೇಲೆ ಸಿಟ್ಟು ಬಂತು, ನನ್ನ ಮೇಲೆ ಅದಕ್ಕಿಂತ ಹೆಚ್ಚು ಬಂತು. ಐವತ್ತೈದು ವರ್ಷ ಒಂದು ದಿನವೂ ಮರೆಯದವನಿಗೆ ನಾನು ನೀ ಮರತಿ ಅಂದಿದ್ದೆ. ಅವನು ಕೇಳಿದ್ದು ಒಂದು ತಗಡಿನ ಚೂರು. ಮನೆಗೆ ಹೋದ ಕೂಡಲೇ ಹಚ್ಚಿ, ಬೆರಳಿಗೆ ಮುಟ್ಟಿಸಬೇಕು ಎಂದುಕೊಂಡೆ. ಗಾಡಿ ಹಡಪಸರ ದಾಟುವಾಗ ಹೆಂಡತಿಯ ಫೋನು ಬಂತು. ಎರಡನೆಯ ಸಲ ಲಕ್ವಾ ಹೊಡೆದಿತ್ತು.

ಆಸ್ಪತ್ರೆಯವರು ನಾಲ್ಕು ದಿನ ಇಟ್ಟುಕೊಂಡು ಮನೆಗೆ ಕರೆದುಕೊಂಡು ಹೋಗಿ ಎಂದರು. ಅದರ ಅರ್ಥ ನಮಗೆಲ್ಲ ಗೊತ್ತಿತ್ತು. ಆಂಬುಲೆನ್ಸ್ ಬರುವ ಮುಂಜಾನೆ ನಾನು ಪಾವಟಿಗೆ ಕೊಯ್ದೆ. ಹೆಬ್ಬೆರಳ ಉಗುರಿನಷ್ಟು ತಗಡು, ಎರಡು ತಂತಿಯ ತುಂಡು, ಬೆಸುಗೆ. ಕಾಲು ಗಂಟೆಯ ಕೆಲಸ. ಮೂರು ವಾರ ಅವನು ಬೇಡಿದ್ದು ಕಾಲು ಗಂಟೆಯ ಕೆಲಸವನ್ನು.

ಅಪ್ಪನನ್ನು ಮಂಚದ ಮೇಲೆ ಮಲಗಿಸಿದ ಮೇಲೆ ಇಂಜಿನ್ ತಂದು ಎಡಗೈಯ ಕೆಳಗಿಟ್ಟೆ. ಬೆರಳು ಬಿಡಿಸಿ, ಹೆಬ್ಬೆರಳನ್ನು ಪಾವಟಿಗೆಯ ಮೇಲೆ ಕೂರಿಸಿದೆ. “ಹಚ್ಚೀನಿ, ಅಪ್ಪ. ನೋಡು,” ಅಂದೆ. ಬೆರಳು ಅಲುಗಲಿಲ್ಲ. ನಾನೇ ಅದನ್ನು ಹಿಡಿದು ಹಿಂದೆ ಮುಂದೆ ಉಜ್ಜಿದೆ. ಹೆಂಡತಿ ಬಂದು ನನ್ನ ಕೈ ಬಿಡಿಸುವವರೆಗೂ ಉಜ್ಜುತ್ತಿದ್ದೆ. ಎರಡು ದಿನಕ್ಕೆ ಅಪ್ಪ ಹೋದ.

ನಮ್ಮ ಊರಿನ ಮಾಡೆಲ್ ರೈಲಿನ ಹವ್ಯಾಸಿಗಳು ಕೆಲವರು ರವಿವಾರ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತೇವೆ. ಈ ವರ್ಷ ನಮ್ಮ ಮನೆಗೆ ಬಂದಾಗ ಇಂಜಿನ್ನನ್ನೂ ಪಕ್ಕದಲ್ಲಿ ಫೋಟೋವನ್ನೂ ಇಟ್ಟಿದ್ದೆ. ನಿವೃತ್ತ ಮೇಷ್ಟ್ರೊಬ್ಬರು, ನನಗಿಂತ ಮೊಂಡರು, ಭೂತಗನ್ನಡಿ ಹಿಡಿದು ಎರಡನ್ನೂ ಹೋಲಿಸಿದರು. ಎಡಬದಿಯ ಪಾವಟಿಗೆ ಫೋಟೋದಲ್ಲಿ ಇಲ್ಲ, ಇಷ್ಟು ಚೆನ್ನಾಗಿ ಮಾಡಿ ಇದೊಂದು ತಪ್ಪು ಯಾಕೆ ಉಳಿಸಿದಿರಿ, ಕಿತ್ತುಬಿಡಿ ಎಂದು ಮರಾಠಿಯಲ್ಲಿ ಹೇಳಿದರು.

ಫೋಟೋ ತೆಗೆಯುವ ಹೊತ್ತಿಗೆ ಅದು ಬಿದ್ದುಹೋಗಿತ್ತು ಎಂದೆ.

ಯಾವಾಗ ಬಿದ್ದದ್ದು ಎಂದು ಅವರು ಸುಮ್ಮನೆ, ಮಾತಿಗೆ ಕೇಳಿದರು.

“ಅವತ್ತಲ್ಲ,” ಎಂದೆ. “ಮೂರು ದಿನ ಮೊದಲೇ ಬಿದ್ದಿತ್ತು. ನಮ್ಮಪ್ಪನಿಗೆ ಗೊತ್ತಿತ್ತು.”

ಅವರಿಗೆ ಅರ್ಥವಾಗಲಿಲ್ಲ. ಭೂತಗನ್ನಡಿಯನ್ನು ಒರೆಸಿ ಜೇಬಿಗೆ ಹಾಕಿಕೊಂಡರು, ನಾನು ಚಹಾ ತರಲು ಒಳಗೆ ಹೋದೆ.