ಬರೆಯದೆ ಬಿಟ್ಟ ಚೊಂಬು

ಮಂಡ್ಯದ ಕಾಲೇಜಿನಲ್ಲಿ ಕೊನೆಯ ವರ್ಷ ಬರವಣಿಗೆಯದೊಂದು ಕೋರ್ಸು ತೆಗೆದುಕೊಂಡಿದ್ದೆ. ಕಣ್ಣಾರೆ ಕಂಡದ್ದನ್ನು ಎರಡು ಪುಟ ಮೀರದಂತೆ ಬರೆದು ತನ್ನಿ ಎಂದರು ಮೇಷ್ಟ್ರು. ನಾನು ಚಿಕ್ಕವ್ವನ ಬೆರಳುಗಳ ಬಗ್ಗೆ ಬರೆದೆ.

ಅದರ ಹಿಂದಿನ ವರ್ಷ, ವೈದ್ಯನಾಥಪುರದ ಹತ್ತಿರದ ನಮ್ಮ ಆಲೆಮನೆಯಲ್ಲಿ, ಗಾಣಕ್ಕೆ ಕಬ್ಬು ಕೊಡುತ್ತಿದ್ದ ಚಿಕ್ಕವ್ವನ ಬಲಗೈ ಕಬ್ಬಿನ ಜೊತೆ ಒಳಗೆ ಸಿಕ್ಕಿತು. ಎರಡು ಬೆರಳು ಹೋದವು. ನಾನು ಅಲ್ಲೇ ಇದ್ದೆ. ಬರೆಯುವಾಗ ಅವಳು ಮುಗಿಲು ಮುಟ್ಟುವಂತೆ ಚೀರಿದಳು ಎಂದೆ; ಕಬ್ಬಿನ ಹಾಲು ಕೆಂಪಗೆ ಹರಿಯಿತು ಎಂದೆ. ತರಗತಿಯಲ್ಲಿ ಓದಿದಾಗ ಇಬ್ಬರು ಗೆಳತಿಯರು ಕಣ್ಣೊರೆಸಿಕೊಂಡರು. ನನಗೆ ಒಳಗೊಳಗೇ ಹಿಗ್ಗಾಯಿತು.

ಮೇಷ್ಟ್ರು ಹಾಳೆ ತಿರುವಿ ನೋಡಿ ಒಂದೇ ಪ್ರಶ್ನೆ ಕೇಳಿದರು: "ಮದುವೆಯಾಗಿ ಬಂದಾಗಿನಿಂದ ಕಬ್ಬು ಕೊಟ್ಟ ಕೈ ಅಂತ ಬರೆದಿದ್ದೀರಿ. ಅವತ್ತು ಅವರ ಕಣ್ಣು ಎಲ್ಲಿತ್ತು?"

ನನಗೆ ಗೊತ್ತಿತ್ತು. ಹಾಳೆ ವಾಪಸು ಇಸಿದುಕೊಂಡು ಕೂತೆ.

ಆಲೆಮನೆಗೆ ಬಂದವರು ಹಾಲು ಕೇಳಿದರೆ ನಮ್ಮಲ್ಲಿ ಯಾರೂ ಇಲ್ಲ ಅನ್ನುವುದಿಲ್ಲ. ಅದಕ್ಕಾಗಿ ಗಾಣ ನಿಲ್ಲಿಸುವ ರೂಢಿಯೂ ಇಲ್ಲ. ಅವತ್ತು ಮದ್ದೂರಿನಲ್ಲಿ ಬಸ್ಸಿಳಿದು ಬಿಸಿಲಲ್ಲಿ ಬಂದವಳು ನಾನು. ಚೊಂಬು ಚಾಚಿದೆ. ಚಿಕ್ಕವ್ವ ಅದನ್ನು ಎಡಗೈಯಲ್ಲಿ ತೆಗೆದುಕೊಂಡು ಹಾಲು ಬೀಳುವ ಕಡೆ ಬಾಗಿ ಹಿಡಿದಳು. ಕಣ್ಣು ಚೊಂಬಿನ ಮೇಲಿತ್ತು. ಬಲಗೈ ಕಬ್ಬು ಕೊಡುತ್ತಲೇ ಇತ್ತು.

ಎರಡು ಪುಟಗಳಲ್ಲಿ ಆ ಚೊಂಬು ಇರಲಿಲ್ಲ.

ಆ ಭಾನುವಾರ ಮೊದಲು ಬರೆದದ್ದನ್ನೇ ಚಿಕ್ಕವ್ವನಿಗೆ ಓದಿ ಹೇಳಿದೆ. ಅವಳು ನೆನೆಸಿದ ಅವರೆಕಾಳು ಹಿದುಕುತ್ತಿದ್ದಳು. ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿಗೆ ಅಷ್ಟು ಕೆಲಸ ಇನ್ನೂ ಬರುತ್ತಿತ್ತು.

"ನಾನೆಲ್ಲೇ ಚೀರ್ದೆ? ಕರೆಂಟು ತಗೀರಿ ಅಂದೆ ಕಣೆ, ನಿಮ್ ಚಿಕ್ಕಪ್ಪಂಗೆ. ಚೀರ್ದೋಳು ನೀನು!"

"ಚೆನ್ನಾಗಿರ್ಲಿ ಅಂತ ಬರ್ದೆ ಚಿಕ್ಕವ್ವ."

"ನನ್ ಬೆರಳು ಹೋಗಿದ್ರಲ್ಲಿ ಏನೇ ಚೆನ್ನಾಗಿರದು, ಮೂದೇವಿ?" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಮತ್ತೆ ಬರೆಯಲು ಮೂರು ವಾರ ಹಿಡಿಯಿತು. 'ನಾನು ಚೊಂಬು ಚಾಚಿದೆ' ಎನ್ನುವ ಮೂರು ಪದಗಳಿಗೇ ಹೆಚ್ಚು ದಿನ ಹೋದವು. ಅದನ್ನು ಓದಿದರೆ ಚಿಕ್ಕವ್ವ ನನ್ನ ಜೊತೆ ಮೊದಲಿನಂತೆ ಇರುತ್ತಾಳೋ ಇಲ್ಲವೋ ತಿಳಿದಿರಲಿಲ್ಲ. ಆದರೂ ಓದಿದೆ. ಅವತ್ತೂ ಅವಳು ಅವರೆಕಾಳು ಹಿದುಕುತ್ತಿದ್ದಳು.

ಆ ಸಾಲು ಬಂದಾಗ ಅವಳ ಕೈ ನಿಂತಿತು. ಆಮೇಲೆ ಮತ್ತೆ ಕಾಳು ಹಿದುಕತೊಡಗಿದಳು.

"ನೀ ಕೇಳ್ದೆ, ನಾ ಕೊಟ್ಟೆ. ಅದೇನು ನಂಗೊತ್ತಿಲ್ದೆ ಇತ್ತಾ? ಇಷ್ಟು ದಿನದಿಂದ ಅದ್ನೇ ಮನಸ್ನಲ್ಲಿ ಮಡಿಕಂಡಿದ್ದೀಯಾ?" ಸಿಪ್ಪೆ ಪಕ್ಕಕ್ಕೆ ಸರಿಸಿ ಕೇಳಿದಳು: "ಆ ಚೊಂಬು ಏನಾಯ್ತೇ? ಬರ್ದೇ ಇಲ್ವಲ್ಲ."

ಮೊದಲಾಗಿದ್ದರೆ ಬರವಣಿಗೆಯಲ್ಲಿ ಅದನ್ನು ಉರುಳಿಸುತ್ತಿದ್ದೆ, ಹಾಲು ಮಣ್ಣುಪಾಲು ಮಾಡುತ್ತಿದ್ದೆ. ನೆನಪು ಮಾಡಿಕೊಂಡೆ. ಬೆಲ್ಲ ಕಾಯುತ್ತಿದ್ದ ಕೊಪ್ಪರಿಗೆ ಬಿಟ್ಟು ಚಿಕ್ಕಪ್ಪ ಓಡಿ ಬಂದದ್ದಿದೆ, ಕೈಗೆ ಸುತ್ತಿದ ಟವಲು ಇದೆ, ಆಸ್ಪತ್ರೆಗೆ ಹೋದ ಆಟೋ ಇದೆ. ಚೊಂಬಿಲ್ಲ.

"ಗೊತ್ತಿಲ್ಲ ಚಿಕ್ಕವ್ವ."

"ಅಂಗಾದ್ರೆ ಗೊತ್ತಿಲ್ಲ ಅಂತ್ಲೇ ಬರಿ."

ಬರೆದೆ. ಅದೇ ಕೊನೆಯ ಸಾಲಾಯಿತು. ಮೇಷ್ಟ್ರು ಈ ಸಲ ಅದರ ಕೆಳಗೆ ಯಾವ ಪ್ರಶ್ನೆಯ ಗುರುತೂ ಹಾಕಲಿಲ್ಲ.