ಸೋತ ತಂಡದ ವಾಲ್ಟರ್ ಅಜ್ಜ

ಆಗ ಲಂಡನ್ನಿನ ವೆಂಬ್ಲಿಯಲ್ಲಿ ಹಳೆಯ ಸ್ಟೇಡಿಯಮ್ಮಿನ ಅವಳಿ ಗೋಪುರಗಳು ಇನ್ನೂ ನಿಂತಿದ್ದವು. ತೊಂಬತ್ತರ ದಶಕದ ನಡುಗಾಲ. ನಮ್ಮದು ಕೌನ್ಸಿಲ್, ಅಂದರೆ ಇಲ್ಲಿಯ ನಗರಸಭೆ, ಬಾಡಿಗೆಗೆ ಕೊಟ್ಟ ಹಳೇ ಫ್ಲ್ಯಾಟು. ಲಿಫ್ಟ್ ಇತ್ತು, ನಡೆಯುತ್ತಿದ್ದುದು ಅಪರೂಪ. ಮೆಟ್ಟಿಲ ತುಂಬ ಒಬ್ಬರ ಮನೆಯ ಒಗ್ಗರಣೆ, ಇನ್ನೊಬ್ಬರ ಮನೆಯ ಹುರಿದ ಮೀನು, ಎಲ್ಲದರ ಮೇಲೂ ಫಿನಾಯಿಲ್ ವಾಸನೆ. ಧಾರವಾಡದ ಅವ್ವ ಕನ್ನಡದಲ್ಲಿ ಕೇಳಿದ್ದಕ್ಕೆ ನಾನೂ ತಮ್ಮ ವಿನಯನೂ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದೆವು.

ಎದುರು ಮನೆಯಲ್ಲಿ ವಾಲ್ಟರ್ ಇದ್ದರು. ಕಪ್ಪು ಜನಾಂಗದ ಅಮೆರಿಕನ್. ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಅಲ್ಲಿನ ವಾಯುಪಡೆಯ ಜೊತೆ ಇಂಗ್ಲೆಂಡಿಗೆ ಬಂದು, ಇಲ್ಲಿಯ ನರ್ಸ್ ಒಬ್ಬಳನ್ನು ಮದುವೆಯಾಗಿ, ಬಸ್ಸು ಓಡಿಸಿ ನಿವೃತ್ತರಾಗಿದ್ದರು. ಹೆಂಡತಿ ತೀರಿಕೊಂಡ ವಾರವೆಲ್ಲ ಅವ್ವ ಅವರಿಗೆ ಊಟ ಕಳಿಸಿದ್ದಳು. ಅಂದಿನಿಂದ ಅವರು ನಮಗೆ ವಾಲ್ಟರ್ ಅಜ್ಜ.

ಆ ಬೇಸಗೆ ರಜೆಯಲ್ಲಿ ಫ್ಲ್ಯಾಟಿನ ಹಿಂದಿನ ಹುಲ್ಲಿನ ಮೇಲೆ ಅವರು ನಮಗೆ ಅಮೆರಿಕನ್ ಫುಟ್‌ಬಾಲ್ ಎಸೆಯುವುದನ್ನು ಕಲಿಸಿದರು. ಎರಡೂ ತುದಿ ಚೂಪಾದ ಚೆಂಡು. ಅವ್ವ ಅದಕ್ಕೆ ‘ತತ್ತಿ ಚೆಂಡು’ ಎಂದು ಹೆಸರಿಟ್ಟಿದ್ದಳು. ಒಂದು ಸಂಜೆ ಆಡಿ ದಣಿದು ಕೂತಾಗ ಅಜ್ಜ ತಮ್ಮ ಕಥೆ ಹೇಳಿದರು. ಹರೆಯದಲ್ಲಿ ಅವರು ಒಂದು ದೊಡ್ಡ ತಂಡದ ಆಟಗಾರರಾಗಿದ್ದರು, ಅದೂ ಒಂದೇ ವರ್ಷ. ಆ ತಂಡದಲ್ಲಿ ಕಪ್ಪು ಆಟಗಾರ ಅವರೊಬ್ಬರೇ. ಅಮೆರಿಕದ ದಕ್ಷಿಣದ ಊರುಗಳಿಗೆ ಹೋದಾಗ ಉಳಿದವರು ಬಿಳಿಯರಿಗಷ್ಟೇ ಬಾಗಿಲು ತೆರೆಯುವ ಹೋಟೆಲಿನೊಳಗೆ ಹೋದರೆ, ಇವರು ಊರಾಚೆ ತಮ್ಮ ಜನರ ಯಾರದೋ ಮನೆಯಲ್ಲಿ ಮಲಗಬೇಕು.

“ನೀವು ಗೆದ್ದಿರಾ?” ಎಂದ ವಿನಯ.

“ಸೋತೆವು ಮಗು. ಬರೀ ಸೋತೆವು. ಕೊನೇ ಪಂದ್ಯ ಗೆಲ್ಲುವ ಹಾಗಿತ್ತು. ಚೆಂಡು ನನ್ನ ಕೈಗೆ ಬಂತು. ಬಿಟ್ಟುಬಿಟ್ಟೆ.”

ಆ ವರ್ಷದ ಅಷ್ಟೂ ಸೋಲನ್ನು ಜನ ಆ ಎರಡು ಕೈಗಳ ಮೇಲೆ ಹೊರಿಸಿದರಂತೆ. ಮರುವರ್ಷ ತಂಡ ಅವರನ್ನು ಕರೆಯಲಿಲ್ಲ. ಇದನ್ನು ಹೇಳುವಾಗ ಅಜ್ಜ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದರು.

ರಜೆ ಮುಗಿಯುವ ಹೊತ್ತಿಗೆ ಒಂದು ಶನಿವಾರ ಅಜ್ಜ ನನ್ನನ್ನು ಬಾಗಿಲಲ್ಲಿ ತಡೆದು ನಿಲ್ಲಿಸಿದರು. “ಇವತ್ತು ನನ್ನನ್ನು ಕೇಳಿಕೊಂಡು ಯಾರಾದರೂ ಬಂದರೆ ಊರಲ್ಲಿಲ್ಲ ಎನ್ನು.” ಆ ತಂಡದಲ್ಲಿ ಚೆಂಡು ಎಸೆಯುತ್ತಿದ್ದ ರಾಯ್ ಎಂಬಾತ ಲಂಡನ್ನಿಗೆ ಬಂದಿದ್ದ, ಫೋನೂ ಮಾಡಿದ್ದ. ಅಜ್ಜ ಮಾತಾಡದೆ ಇಟ್ಟುಬಿಟ್ಟಿದ್ದರು.

ಮಧ್ಯಾಹ್ನ ಅವ್ವ ಈಲಿಂಗ್ ರೋಡಿನ ಇಂಡಿಯನ್ ಅಂಗಡಿಗಳಿಂದ ಬದನೆಕಾಯಿ, ಮೆಂತ್ಯದ ಸೊಪ್ಪು ಹೊತ್ತು ಬಂದಳು. ಜೊತೆಗೆ ಬೆವರಿ ಕೆಂಪಾದ ಒಬ್ಬ ಬಿಳಿಯ ಮುದುಕ.

“ಪಾಪ, ಮೆಟ್ಲ ಮ್ಯಾಲ ಕುಂತಿದ್ರವ್ವಾ. ಎದುರಿನ ಅಜ್ಜನ್ನ ನೋಡಾಕ ಬಂದಾರಂತ. ಬಾಗಲಾ ಬಡದ್ರ ತಗೀವಲ್ಲಂತ.”

“ಅವ್ವಾ, ಅಜ್ಜ ಬ್ಯಾಡ ಅಂದಾರ!” ಎಂದೆ. ಗಾಬರಿಯಲ್ಲಿ ಕನ್ನಡವೇ ಬಂದಿತ್ತು.

“ಬ್ಯಾಡ ಅಂದ್ರ ಎದುರಿಗೆ ಬಂದು ಹೇಳಲಿ. ಇಷ್ಟ್ ದೂರ ಬಂದ ಹಿರೇರನ್ನ ಹಸದ ಹೊಟ್ಟ್ಯಾಗ ಕಳಸಾಕ ಆಗತೈತೇನ? ಹೋಗು, ಊಟಕ್ಕ ಕರಿ.”

ನಾನು ಅಜ್ಜನ ಮನೆಯ ಬಾಗಿಲಿಗೆ ಬಾಯಿ ಹಚ್ಚಿ, “ಅವ್ವ ಊಟಕ್ಕೆ ಕರೀತಾಳೆ,” ಎಂದು ಇಂಗ್ಲಿಷಿನಲ್ಲಿ ಕೂಗಿದೆ.

“ಅವನು ಹೋದನಾ?”

“ಇಲ್ಲ. ನಮ್ಮ ಮನೇಲಿ ಕೂತಿದ್ದಾನೆ.”

ಒಳಗೆ ಕಪಾಟಿನ ಬಾಗಿಲು ಕಿರುಗುಟ್ಟಿತು. ಆಮೇಲೆ ಚಿಲಕ ಸರಿಯಿತು. ಅಜ್ಜ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು.

ಅವರು ಒಳಗೆ ಬರುತ್ತಲೇ ರಾಯ್ ಎದ್ದು ನಿಂತ. ಇಬ್ಬರೂ ಕೈ ಚಾಚಲಿಲ್ಲ. ರೊಟ್ಟಿ ಬಡಿಯುತ್ತಿದ್ದ ಅವ್ವ ಅಡುಗೆಮನೆಯಿಂದಲೇ, “ಸಿಟ್, ಸಿಟ್. ಈಟ್ ಫಸ್ಟ್,” ಎಂದಳು. ರಾಯ್ ಕೂರಲಿಲ್ಲ.

“ವಾಲ್ಟರ್, ಆ ಚೆಂಡು ನೀನು ಬಿಟ್ಟಿದ್ದಲ್ಲ,” ಎಂದ. “ನನ್ನ ಹೆಬ್ಬೆರಳು ಊದಿತ್ತು. ಕೋಚಿಗೆ ಗೊತ್ತಾದರೆ ಆಟಕ್ಕಿಳಿಸದೆ ಹೊರಗೆ ಕೂರಿಸ್ತಾರೆ ಅಂತ ಮುಚ್ಚಿಟ್ಟಿದ್ದೆ. ಹಿಡಿತ ತಪ್ಪಿ ಚೆಂಡು ನಿನ್ನ ಹಿಂದಕ್ಕೆ ಹೋಯಿತು. ನೀನು ತಿರುಗಿ ಹಾರಿ ಬೆರಳಾದರೂ ತಾಗಿಸಿದೆ. ಬೇರೆಯವರಿಗೆ ಅಷ್ಟೂ ಆಗುತ್ತಿರಲಿಲ್ಲ. ಎಲ್ಲರೂ ನಿನ್ನನ್ನು ಬಯ್ಯುವಾಗ ನಾನು ಬಾಯಿ ಬಿಡಲಿಲ್ಲ.”

ಅಜ್ಜ ತಮ್ಮ ಕೈಗಳನ್ನು ಬೇರೆ ಯಾರದೋ ಎಂಬಂತೆ ತಿರುಗಿಸಿ ತಿರುಗಿಸಿ ನೋಡಿಕೊಂಡರು. ಆಮೇಲೆ ಸೋಫಾದ ಮೇಲೆ ಕುಸಿದು, ಅಳುವೋ ನಗುವೋ ತಿಳಿಯದಂತೆ ಅಲುಗಾಡಿದರು. ಗಾಬರಿಯಾದ ವಿನಯ ನನ್ನ ಹಿಂದೆ ಅಡಗಿದ. ಅದು ನಗುವೇ.

“ಇಷ್ಟು ವರ್ಷ ಕನಸಿನಲ್ಲಿ ಆ ಚೆಂಡನ್ನು ಬಿಡುತ್ತಲೇ ಇದ್ದೆ ಕಣೋ,” ಎಂದರು.

ರಾಯ್ ಮೆಲ್ಲಗೆ, “ಆ ಹೋಟೆಲ್...” ಎಂದು ಶುರುಮಾಡಿದ.

ಅಜ್ಜ ಕೈಯೆತ್ತಿ ತಡೆದರು. “ಅದು ಬೇರೆ ಮಾತು. ಅದು ಇವತ್ತೊಂದು ದಿನಕ್ಕೆ ಮುಗಿಯುವುದಲ್ಲ. ಮೊದಲು ಊಟ ಮಾಡು.”

ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ರಾಯ್ ಖಾರಕ್ಕೆ ಕಣ್ಣು ಒರೆಸಿಕೊಂಡ. ಖಾರಕ್ಕೆ ಮಾತ್ರವೇ ಇರಲಿಕ್ಕಿಲ್ಲ. ಅವನು ಹೋದ ಮೇಲೆ ಅಜ್ಜ ನಮ್ಮ ಸೋಫಾದ ಮೇಲೆಯೇ ಕಾಲು ಚಾಚಿ, ಬಾಯಿ ತೆರೆದು ಗೊರಕೆ ಹೊಡೆದರು. ನಾವು ಕಾರ್ಟೂನ್ ಹಾಕಲು ಹೋದರೆ ಅವ್ವ ಟಿವಿಗೆ ಅಡ್ಡ ನಿಂತಳು. “ಮಲಗಲಿ ಬಿಡ್ರಿ. ಎಷ್ಟ ವರ್ಷದ ನಿದ್ದಿನೋ ಏನೋ.”

ಆಮೇಲೆ ಅಮೆರಿಕದಿಂದ ಆಗಾಗ ಫೋನು ಬರುತ್ತಿತ್ತು. ಒಮ್ಮೊಮ್ಮೆ ಜೋರು ಜಗಳ, ಒಮ್ಮೊಮ್ಮೆ ನಗು. ಎರಡೂ ನಮ್ಮ ಮನೆಯವರೆಗೆ ಕೇಳುತ್ತಿದ್ದವು. ಹೊಸ ಶತಮಾನ ಬಂದ ಕೆಲವೇ ವರ್ಷಗಳಲ್ಲಿ ಅಜ್ಜ ನಿದ್ದೆಯಲ್ಲೇ ಹೋದರು. ರಾಯ್ ಬಂದದ್ದು ಅದಕ್ಕೆ ಮೊದಲು ಎಂದು ನೆನೆದಾಗಲೆಲ್ಲ ಈಗಲೂ ನನ್ನ ಎದೆ ಹಗುರಾಗುತ್ತದೆ.

ಗೋಪುರಗಳು ಹೋದವು, ನಮ್ಮ ಫ್ಲ್ಯಾಟೂ ಹೋಯಿತು. ನಾನೀಗ ಅದೇ ಜಾಗದಲ್ಲಿ ಎದ್ದ ಹೊಸ ಸ್ಟೇಡಿಯಮ್ಮಿನ ಹತ್ತಿರ, ಗಾಜಿನ ಎತ್ತರದ ಕಟ್ಟಡದಲ್ಲಿದ್ದೇನೆ. ಲಿಫ್ಟ್ ಒಮ್ಮೆಯೂ ಕೆಟ್ಟಿಲ್ಲ. ಕಾರಿಡಾರಿನಲ್ಲಿ ಯಾರ ಮನೆಯ ಅಡುಗೆಯ ವಾಸನೆಯೂ ಇಲ್ಲ. ಎಜ್‌ವೇರಿನಲ್ಲಿ ವಿನಯನ ಜೊತೆ ಇರುವ ಅವ್ವ ಮೊನ್ನೆ ಬಂದವಳು ಮೆತ್ತಗೆ ಕೇಳಿದಳು:

“ಎದುರು ಮನ್ಯಾಗ ಯಾರದಾರವ್ವಾ?”

“ಗೊತ್ತಿಲ್ಲವ್ವಾ,” ಎಂದೆ.